ತೋಪಿನ ಕಾಗದ

ಎಡಗಡೆಯ ಜಡೆ ಮುಗಿದು ರಿಬ್ಬನ್ನಿನ ಗಂಟು ಬಿದ್ದಿತ್ತು. ವಾಸಂತಿ ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಬಲಗಡೆಯ ಕೂದಲನ್ನು ಮೂರು ಪಾಲು ಮಾಡಿ ಹಿಡಿದಿದ್ದಳು. ಒಂದು ಕಿವಿ ಅಡುಗೆಮನೆಯ ಕುಕ್ಕರಿನ ಕಡೆಗಿತ್ತು. ಮುಂದೆ ಮಣೆಯ ಮೇಲೆ ಕೂತ ಸಮೀಕ್ಷಾ ಪುಸ್ತಕ ತೆರೆದುಕೊಂಡು ಪದ್ಯ ಬಾಯಿಪಾಠ ಮಾಡುತ್ತಿದ್ದಳು. ಅಷ್ಟರಲ್ಲಿ ಗೇಟಿನ ಚಿಲಕ ಸದ್ದಾಯಿತು.

"ವಾಸಂತಕ್ಕ, ಇದೀರಾ? ರಿಜಿಸ್ಟರ್ ಪೋಸ್ಟು."

ಅಂಚೆಯ ಆಂಜಿನಪ್ಪ. ಇಷ್ಟು ಬೆಳಿಗ್ಗೆ ಅವನು ಬರುವವನಲ್ಲ. ವಾಸಂತಿ ಬಾಚಣಿಗೆ ಕೆಳಗಿಟ್ಟು, ಕೂದಲು ಬಿಟ್ಟು ಎದ್ದಳು.

"ಅಮ್ಮ, ನನ್ ಜಡೆ."

"ಇರು ಪುಟ್ಟಿ, ಬಂದೆ."

"ನಿನ್ನೆ ಬಂದಾಗ ಬೀಗ ಇತ್ತು ಕಣಕ್ಕ," ಎಂದ ಆಂಜಿನಪ್ಪ. "ಸರ್ಕಾರಿ ಕಾಗದ. ಇಟ್ಕೊಂಡು ಕೂತ್ರೆ ಆಮೇಲೆ ನನ್ ತಲೆಗೇ ಬರುತ್ತೆ ಅಂತ ಬೆಳಗ್ಗೇನೇ ಬಂದ್ಬಿಟ್ಟೆ. ಇಲ್ಲೊಂದು ಸೈನ್ ಹಾಕಿ."

ಅವನು ಬೆರಳಿಟ್ಟ ಜಾಗದಲ್ಲಿ ಅವಳು ಸೈನ್ ಹಾಕಿದಳು. ಕಂದು ಲಕೋಟೆ ದಪ್ಪಗಿತ್ತು. ಮೂಲೆಯಲ್ಲಿ ತಾಲ್ಲೂಕು ಪಂಚಾಯಿತಿಯ ಮೊಹರು ನೋಡಿದ್ದೇ ಅವಳ ಎದೆ ಹಗುರಾಯಿತು. "ಬಂತು ಕಣೇ, ಬಂದೇಬಿಡ್ತು," ಎನ್ನುತ್ತ ಒಳಗೆ ಬಂದಳು. ಸರಿಯಾದ ದಿನವೇ ಬಂದಿತ್ತು. ಹತ್ತು ಗಂಟೆಗೆ ತಹಶೀಲ್ದಾರರು ತೋಪು ನೋಡಲು ಬರುವವರಿದ್ದರು.

ಕಾಡುಗೋಡಿಯಿಂದ ಆಚೆ ಇರುವ ಅವರ ಊರಿನಲ್ಲಿ ರಾಗಿ ಹೊಲಗಳು ಒಂದೊಂದಾಗಿ ಎತ್ತರದ ಕಟ್ಟಡಗಳಾಗಿದ್ದವು. ಉಳಿದಿದ್ದು ಸರ್ಕಾರಿ ಶಾಲೆಯ ಹಿಂದಿನ ಗುಂಡುತೋಪು ಮಾತ್ರ. ಹೊಂಗೆ, ಹುಣಸೆ, ನಾಲ್ಕಾರು ಹಳೆಯ ಮಾವಿನ ಮರ. ಶಾಲೆಗೆ ಬೇರೆ ಮೈದಾನವಿಲ್ಲ. ಮಕ್ಕಳ ಆಟ, ಮಧ್ಯಾಹ್ನದ ಊಟ, ಆಗಸ್ಟ್ ಹದಿನೈದರ ಬಾವುಟ, ಎಲ್ಲವೂ ಅಲ್ಲೇ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಗರಗಸದ ಯಂತ್ರಗಳು ಬಂದವು. ಮಕ್ಕಳು ಕ್ಲಾಸಿನ ಕಿಟಕಿಯಿಂದ ನೋಡುತ್ತಿದ್ದಂತೆ, ಸಂಜೆಯ ಹೊತ್ತಿಗೆ ಅರ್ಧ ತೋಪು ನೆಲಕ್ಕೆ ಬಿತ್ತು. ಆ ಜಾಗದಲ್ಲಿ ಜಲ್ಲಿ ಸುರಿದು, ಪಕ್ಕದ ಹೊಸ ಅಪಾರ್ಟ್‌ಮೆಂಟಿನ ಗೇಟಿನವರೆಗೆ ರಸ್ತೆ ಎಳೆದರು. ಅವತ್ತು ಸಮೀಕ್ಷಾ ಯೂನಿಫಾರಮ್ಮಿನ ಜೇಬಿನ ತುಂಬ ಹೊಂಗೆಕಾಯಿ ತುಂಬಿಕೊಂಡು ಮನೆಗೆ ಬಂದಳು. ಅಳಲಿಲ್ಲ, ಏನೂ ಕೇಳಲಿಲ್ಲ. ತಟ್ಟೆಯ ಮುಂದೆ ಕೂತು, ಉಣ್ಣದೆ ಎದ್ದಳು. ಆ ಮಗು ಹಾಗೆಯೇ. ಮಾತು ಅವಳ ಬಾಯಿಗೆ ಬರಬೇಕಾದರೆ ಎಲ್ಲೆಲ್ಲೋ ಸುತ್ತಿ ಬರಬೇಕು. ವಾಸಂತಿ ಕಾಯುವುದನ್ನು ಕಲಿತಿದ್ದಳು.

ಆದರೆ ತೋಪಿನ ವಿಷಯದಲ್ಲಿ ಅವಳು ಕಾಯಲಿಲ್ಲ. ಮಾರನೆಯ ದಿನವೇ ಪಂಚಾಯಿತಿ ಆಫೀಸಿಗೆ ಹೋದಳು.

"ಗ್ರಾಮಸಭೇಲಿ ಒಪ್ಪಿಗೆ ಆಗಿದೆ ಮೇಡಂ," ಎಂದ ಗುಮಾಸ್ತ, ಕಂಪ್ಯೂಟರಿನಿಂದ ಮುಖ ಎತ್ತದೆ.

"ಗ್ರಾಮಸಭೆ ಯಾವಾಗಾಯ್ತು? ನಮಗೆ ಯಾರೂ ಹೇಳ್ಲೇ ಇಲ್ಲ."

"ನೋಟಿಸ್ ಬೋರ್ಡಲ್ಲಿ ಹಾಕಿದ್ವಲ್ಲ."

ನೋಟಿಸ್ ಬೋರ್ಡಿಗೆ ಗಾಜಿನ ಬಾಗಿಲು, ಬಾಗಿಲಿಗೆ ಬೀಗ. ಒಳಗೆ ಕೊರೊನಾ ಲಸಿಕೆಯ ಹಳೆಯ ಚೀಟಿ ಹಳದಿಯಾಗಿ ಸುರುಟಿಕೊಂಡಿತ್ತು. ಬೀಗದ ಕೈ ಕಳೆದು ಎಷ್ಟೋ ಕಾಲವಾಗಿತ್ತು ಎಂದು ಆಫೀಸಿನವರೇ ನಕ್ಕರು. "ಹಂಗಾದ್ರೆ ಆನ್‌ಲೈನಲ್ಲಿ ನೋಡ್ಕೊಳಿ ಮೇಡಂ. ಈಗೇನೂ ಮುಚ್ಚುಮರೆ ಇಲ್ಲ," ಎಂದ ಗುಮಾಸ್ತ. ಮನೆಗೆ ಬಂದು ಫೋನಿನಲ್ಲಿ ತೆರೆದರೆ ಸಣ್ಣದೊಂದು ಚಕ್ರ ಸುತ್ತುತ್ತಲೇ ಇತ್ತು; ಅನ್ನ ಬಸಿದು, ಸಾರು ಕುದಿಸಿ, ಬಟ್ಟೆ ಒಣಹಾಕಿ ಬಂದರೂ ಸುತ್ತುತ್ತಲೇ ಇತ್ತು. ದಾರಿಯಲ್ಲಿ ಸಿಕ್ಕ ಪಂಚಾಯಿತಿ ಮೆಂಬರ್ ನರೇಶ್ ಬೈಕು ನಿಲ್ಲಿಸಿ, "ಅಕ್ಕ, ನಿಮಗ್ಯಾಕೆ ಈ ತಲೆನೋವು? ರೋಡಾದ್ರೆ ನಿಮ್ ಸೈಟಿಗೂ ಒಳ್ಳೆ ರೇಟು," ಎಂದು ನಕ್ಕು ಹೋಗಿದ್ದ.

ಆಮೇಲೆಯೇ ಅವಳು ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಕೂತಿದ್ದು. ನೂರೈವತ್ತು ಪದ ಮೀರುವಂತಿಲ್ಲ ಎಂದು ಗಂಡ ಶ್ಯಾಮಸುಂದರ ಕಾರ್ಖಾನೆಯ ಯೂನಿಯನ್ನಿನವರನ್ನು ಕೇಳಿಕೊಂಡು ಬಂದಿದ್ದ. ವಾಸಂತಿ ಬರೆದಳು, ಸಮೀಕ್ಷಾ ಪೆನ್ಸಿಲ್ ಹಿಡಿದು ಪದ ಎಣಿಸಿದಳು. ಜಾಸ್ತಿಯಾದಾಗ ಮಗಳೇ, "'ಅತ್ಯಂತ ನೋವಿನಿಂದ' ತೆಗೆದುಬಿಡಮ್ಮ, ಎರಡು ಉಳಿಯತ್ತೆ," ಎಂದಿದ್ದಳು. ಆ ಸಂಜೆ ವಾಸಂತಿ ಅವಳಿಗೆ ತಿಳಿಯುವಂತೆ ಹೇಳಿದ್ದಳು. "ಮರ ಕಡೀರಿ ಅಂತ ಯಾರೋ ಹೂಂ ಅಂದಿರ್ತಾರೆ ಪುಟ್ಟಿ. ಅವರ ಹೆಸರು ಕಾಗದದಲ್ಲಿ ಇರ್ಲೇಬೇಕು. ಯಾರು ಬೇಕಾದ್ರೂ ಕೇಳ್ಬಹುದು, ಕೇಳಿದ್ರೆ ತೋರಿಸ್ಲೇಬೇಕು. ಬಚ್ಚಿಡೋ ಹಾಗಿಲ್ಲ."

ಮೊದಲ ಸಲ, ಕೋರಿದ ಮಾಹಿತಿ ಕಡತದಲ್ಲಿ ಲಭ್ಯವಿಲ್ಲ ಎಂಬ ಒಂದು ಸಾಲಿನ ಉತ್ತರ ಬಂತು. ಅವಳು ತಾಲ್ಲೂಕಿಗೆ ಮೇಲ್ಮನವಿ ಹಾಕಿದಳು. ಇಲ್ಲದ ಕಡತ ಈಗ ಲಕೋಟೆಯೊಳಗೆ ಬಂದು ಕೂತಿತ್ತು.

ಚಾಕುವಿನಿಂದ ಅಂಚು ಸೀಳಿ ವಾಸಂತಿ ಹಾಳೆಗಳನ್ನು ಹೊರಗೆಳೆದಳು. ಮೇಲೆ ಒಂದು ಪತ್ರ. ಅದರ ಕೆಳಗೆ ಗ್ರಾಮಸಭೆಯ ನಡಾವಳಿಯ ಜೆರಾಕ್ಸ್ ಪ್ರತಿ, ಪ್ರತಿ ಹಾಳೆಗೂ ಮೊಹರು. ಅವಳು ನಿಂತುಕೊಂಡೇ ಓದಿದಳು. ಗುಂಡುತೋಪಿನ ಪೂರ್ವಭಾಗದಲ್ಲಿ ರಸ್ತೆ ಮಾಡಲು ಹಾಜರಿದ್ದ ಗ್ರಾಮಸ್ಥರೆಲ್ಲರೂ ಸರ್ವಾನುಮತದಿಂದ ಒಪ್ಪಿರುತ್ತಾರೆ. ಉಳಿದ ಭಾಗವನ್ನು ವಾಹನ ನಿಲುಗಡೆಗೆ ಬಿಟ್ಟುಕೊಡಲು ಸಹ ಯಾರ ಆಕ್ಷೇಪಣೆಯೂ ಇರುವುದಿಲ್ಲ. ಸ್ಥಳ, ಸಮುದಾಯ ಭವನ; ತಾರೀಖು, ಕಳೆದ ಆಗಸ್ಟಿನದು. ಹಾಜರಿದ್ದವರ ಸಹಿ ಲಗತ್ತಿಸಿದೆ.

"ಸುಳ್ಳು," ಎಂದಳು ಜೋರಾಗಿ. "ಸಭೇನೇ ಆಗಿಲ್ಲ. ಯಾರ ಸಹಿ ಹಾಕ್ಕೊಂಡಿದಾರೋ ನೋಡೋಣ."

ಹಾಳೆ ತಿರುವಿದಳು.

ಮೊದಲು ಕಂಡಿದ್ದು ಹೆಸರುಗಳಲ್ಲ, ಅಕ್ಷರ. ದುಂಡಗೆ, ಒಂದರ ಪಕ್ಕ ಒಂದು ಒತ್ತಾಗಿ, ಗೆರೆ ಎಳೆದು ಜೋಡಿಸಿದ ಹಾಗೆ. ಎಲ್ಲೋ ನೋಡಿದ ಅಕ್ಷರ ಎಂದುಕೊಂಡಳು. ಅದು ಅವಳದೇ ಅಕ್ಷರ. ಅರ್ಜಿಯಲ್ಲಿದ್ದ ಅಕ್ಷರ, ಮಗಳ ಶಾಲೆಯ ಡೈರಿಯಲ್ಲಿ ತಾನು ಬರೆಯುವ ಅಕ್ಷರ. ಊರಿನ ಹೆಂಗಸರ ಹೆಸರುಗಳೆಲ್ಲ ಅವಳದೇ ಕೈಬರಹದಲ್ಲಿದ್ದವು, ಪ್ರತಿ ಹೆಸರಿನ ಮುಂದೆ ಒಂದು ಸಹಿ ಇಲ್ಲವೇ ಹೆಬ್ಬೆಟ್ಟು. ಎಲ್ಲಕ್ಕೂ ಮೇಲೆ, ಮೊದಲನೆಯದಾಗಿ, ಬಾಲ ಉದ್ದ ಎಳೆದ ಅವಳ ಸಹಿ.

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಮತ್ತೆ ಕೂಗಿತು. ವಾಸಂತಿ ಅಲ್ಲಾಡಲಿಲ್ಲ. ಸಮೀಕ್ಷಾ ಎದ್ದು ಹೋಗಿ ಒಲೆ ಆರಿಸಿ ಬಂದಳು. ಬಂದು ತಾಯಿಯ ಮೊಣಕೈ ಪಕ್ಕ ನಿಂತಳು.

ಕಳೆದ ವರ್ಷ, ಶ್ರಾವಣದ ಒಂದು ಶುಕ್ರವಾರ. ನರೇಶನ ಹೆಂಡತಿ ವೇಣಿ ಮನೆಮನೆಗೆ ಬಂದು ಕರೆದಿದ್ದಳು. ಸಮುದಾಯ ಭವನದಲ್ಲಿ ಅರಿಶಿನ ಕುಂಕುಮ, ಹಸಿರು ಬಳೆ, ರವಿಕೆ ಕಣ, ಒಂದು ಸ್ಟೀಲ್ ಡಬ್ಬಿ. ಬಾಗಿಲಲ್ಲಿ ಮೇಜು, ಮೇಜಿನ ಮೇಲೆ ಉದ್ದನೆಯ ಪುಸ್ತಕ. ಪುಟದ ಮೇಲ್ಭಾಗದಲ್ಲಿ ವೀಳ್ಯದೆಲೆಯ ತಟ್ಟೆ ಇಟ್ಟಿದ್ದರು. "ಯಾರ್ಯಾರಿಗೆ ಕೊಟ್ವಿ ಅಂತ ಲೆಕ್ಕ ಇರ್ಲಿ ಅಕ್ಕ, ಇಲ್ಲಾಂದ್ರೆ ಒಬ್ಬೊಬ್ರು ಎರಡೆರಡು ಸಲ ಬರ್ತಾರೆ," ಎಂದು ವೇಣಿ ಕಿವಿಯಲ್ಲಿ ಹೇಳಿ ನಕ್ಕಿದ್ದಳು. "ನೀವೇ ಸ್ವಲ್ಪ ಕೂತ್ಕೊಂಡು ಬರೀರಿ. ನಿಮ್ಮ ಅಕ್ಷರ ಮುತ್ತಿನ ಹಾಗಿರುತ್ತೆ."

ಅವಳು ಕೂತಿದ್ದಳು. ಖುಷಿಯಿಂದಲೇ ಕೂತಿದ್ದಳು. ಹೊರಗಿನಿಂದ ಬಂದು ಸೈಟು ಕೊಂಡು ಮನೆ ಕಟ್ಟಿದವಳು. ಊರಿನವರು ಅವತ್ತು ಮೊದಲ ಸಲ ಅವಳನ್ನು ತಮ್ಮವಳಂತೆ ಮೇಜಿನ ಹಿಂದೆ ಕೂರಿಸಿದ್ದರು. ಬಂದವರ ಹೆಸರು ಕೇಳಿ ಬರೆದಳು. ಓದು ಬಾರದವರ ಹೆಬ್ಬೆರಳು ಹಿಡಿದು ಮಸಿಗೆ ಒತ್ತಿ, ಹಾಳೆಗೆ ಒತ್ತಿ, ಒದ್ದೆ ಬಟ್ಟೆಯಿಂದ ಒರೆಸಿ ಕಳಿಸಿದಳು. ಎಲೆಯ ತಟ್ಟೆಯನ್ನು ಒಂದು ಸಲ ಪಕ್ಕಕ್ಕೆ ಸರಿಸಿ, ಅದರಡಿಯ ತಲೆಬರಹ ನೋಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ದೇವರ ಕಾರ್ಯದ ತಟ್ಟೆಯನ್ನು ಯಾರು ಸರಿಸುತ್ತಾರೆ.

ಸಮೀಕ್ಷಾ ಅವತ್ತು ಪಕ್ಕದಲ್ಲೇ ನಿಂತು ಬಳೆ ಹಂಚಿದ್ದಳು.

ಅದೇ ತಾರೀಖು, ಅದೇ ಭವನ, ಅದೇ ಹೆಂಗಸರು. ವಾಸಂತಿ ಹುಡುಕಿ ಹುಡುಕಿ ನೋಡಿದಳು. ಒಂದಾದರೂ ಸುಳ್ಳು ಸಹಿ ಇದ್ದಿದ್ದರೆ ಅವಳಿಗೆ ಉಸಿರಾಡಲು ಜಾಗ ಸಿಗುತ್ತಿತ್ತು. ಒಂದೂ ಇರಲಿಲ್ಲ.

"ವಾಸಂತವ್ವ, ಆಂಜಿನಪ್ಪ ಏನೋ ಕಾಗ್ದ ಕೊಟ್ನಂತೆ?" ಹಿತ್ತಲ ಬಾಗಿಲಿನಿಂದ ಚಿಕ್ಕಮುನಿಯಮ್ಮನ ದನಿ ಬಂತು. ಹಿಂದಿನ ಮನೆಯ ಮುದುಕಿ. ಅವಳ ಬಾಯಿಗೆ ಊರೇ ಹೆದರುತ್ತಿತ್ತು. ಮರ ಕಡಿದ ದಿನ ಗರಗಸದವನ ಮುಂದೆ ಹೋಗಿ ಕೂತಿದ್ದವಳು ಅವಳೊಬ್ಬಳೇ. ಸೆರಗಿನಲ್ಲಿ ಕರಿಬೇವು ಹಿಡಿದು ಒಳಗೆ ಬಂದು, ಕಂಬಕ್ಕೆ ಒರಗಿ ಕೂತಳು. "ಇಷ್ಟ್ ದಪ್ಪ ಕಳ್ಸವ್ರೆ ಅಂದ್ರೆ ದೊಡ್ಡದೇ ಏನೋ ನುಂಗವ್ರೆ. ಓದವ್ವ."

ವಾಸಂತಿ ಹಾಳೆ ಮಗುಚಿ ಮೊದಲ ಪುಟಕ್ಕೆ ಬಂದಳು. ಅವಳ ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. ರಸ್ತೆಯ ಸಾಲು ಓದಿದಳು. ವಾಹನ ನಿಲುಗಡೆಯ ಸಾಲು ಓದಿದಳು.

"ಉಳಿದಿದ್ದೂವೆ ಕಾರು ನಿಲ್ಸಾಕಾ?" ಮುದುಕಿ ಕಂಬ ಬಿಟ್ಟು ನೆಟ್ಟಗೆ ಕೂತಳು. "ಅದ್ಕೆ ಒಪ್ಪಿದ್ ಬಡ್ಡಿಮಗ ಯಾರಂತೆ?"

"ಊರೋರೆಲ್ಲ ಒಪ್ಪಿದಾರೆ ಅಂತ ಬರ್ದಿದಾರೆ ಅಜ್ಜಿ."

"ನಾನ್ ಊರೋಳಲ್ವಾ? ನನ್ನ ಯಾವೋನ್ ಕೇಳ್ದ? ಸೈನು ಗಿಯ್ನು ಇಲ್ವಾ ಅದ್ರಾಗೆ?"

"ಇದೆ."

"ಯಾರ್ದು, ಓದು ಮತ್ತೆ."

ವಾಸಂತಿ ಹಾಳೆಗಳನ್ನು ಎದೆಗೊತ್ತಿಕೊಂಡಳು. "ಜೆರಾಕ್ಸು ಮಸುಕಾಗಿದೆ ಅಜ್ಜಿ. ಸರಿಯಾಗಿ ಕಾಣಿಸ್ತಿಲ್ಲ."

ಸಮೀಕ್ಷಾ ತಾಯಿಯ ಮುಖ ನೋಡಿದಳು. ಅವಳ ಒಂದು ಭುಜದ ಮೇಲೆ ಜಡೆ, ಇನ್ನೊಂದರ ಮೇಲೆ ಬಿಚ್ಚಿದ ಕೂದಲು.

"ಯಾರಾದ್ರೂ ಆಗ್ಲಿ," ಎಂದಳು ಚಿಕ್ಕಮುನಿಯಮ್ಮ ನೆಲಕ್ಕೆ ಕೈಯೂರಿ ಏಳುತ್ತ. "ಆ ಸೈನ್ ಆಕ್ದೋರ ಕೈಗೆ ಲಕ್ವ ಒಡೀಲಿ. ನೆಳ್ಳು ಮಾರ್ಕೊಂಡ್ ತಿಂದೋರು ಬಿಸ್ಲಾಗೇ ಸಾಯ್ಲಿ." ಕರಿಬೇವನ್ನು ತಟ್ಟೆಗೆ ಹಾಕಿ, ಬಲಗೈ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಆ ಬೆರಳಿನ ಅಡ್ಡಕ್ಕೆ ಹಳೆಯ ಕುಡುಗೋಲಿನ ಗಾಯದ ಗೆರೆ ಇತ್ತು. ಹಾಳೆಯಲ್ಲಿ ಒಂದು ಹೆಬ್ಬೆಟ್ಟಿನ ಅಡ್ಡಕ್ಕೆ ಅದೇ ಗೆರೆ ಬಿಳಿಯಾಗಿ ಮೂಡಿದ್ದನ್ನು ವಾಸಂತಿ ಈಗಷ್ಟೇ ನೋಡಿದ್ದಳು. ಹಿಡಿದು ಒತ್ತಿಸಿದ್ದು ಅವಳೇ. "ಮೆತ್ತಗೆ ಕಣವ್ವ, ನಿನ್ ಕೈ ಒಳ್ಳೆ ಮೆತ್ತಗೈತೆ," ಎಂದು ಅವತ್ತು ಮುದುಕಿ ನಕ್ಕಿದ್ದಳು.

"ಎಲ್ರುನೂ ಇಸ್ಕೂಲ್ ತಾವ ಕರ್ಕೊಂಡ್ ಬತ್ತೀನಿ. ಆ ತಾಸೀಲ್ದಾರ್ರು ಮುಂದೆ ನೀನೇ ಓದ್ಬೇಕು. ನೀನಿಲ್ದಿದ್ರೆ ನಮ್ಗೆಲ್ಲ ಈ ಕಾಗ್ದ ಎಲ್ ಸಿಕ್ತಿತ್ತು," ಎಂದು ಚಿಕ್ಕಮುನಿಯಮ್ಮ ಬಾಗಿಲು ದಾಟಿದಳು. ಓಣಿಯುದ್ದಕ್ಕೂ ಅವಳು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗುತ್ತ ಹೋಗುವುದು ಕೇಳಿಸಿತು. ಪಟ್ಟಿಯಲ್ಲಿದ್ದ ಹೆಸರುಗಳೇ.

ವಾಸಂತಿ ಗಂಡನಿಗೆ ಫೋನ್ ಮಾಡಿದಳು. ಮೊದಲ ಪಾಳಿ, ಫೋನು ಕಾರ್ಖಾನೆಯ ಲಾಕರಿನಲ್ಲಿ ಬಡಿದುಕೊಂಡು ಸುಮ್ಮನಾಯಿತು. ಅವಳು ಹಾಳೆಗಳನ್ನು ಮತ್ತೆ ಜೋಡಿಸಿದಳು. ಮೇಲಿನ ಪತ್ರ, ನಡಾವಳಿ. ಸಹಿಯ ಹಾಳೆಗಳು ಬೇರೆಯಾಗಿ ಅವಳ ಎಡಗೈಯಲ್ಲಿ ಉಳಿದವು. ನಡಾವಳಿ ಒಂದನ್ನೇ ಓದಿದರೂ ಸಾಕು. ಸಭೆ ಆಗಿಲ್ಲ ಎಂದು ಎಲ್ಲರೂ ಬಾಯಿಬಿಟ್ಟು ಹೇಳುತ್ತಾರೆ, ಅದು ನಿಜವೂ ಹೌದು. ಈ ಸಹಿಗಳನ್ನು ಓದಿದರೆ ತಟ್ಟೆಯ ಕಥೆ ಹೇಳಬೇಕು, ಮೇಜಿನ ಹಿಂದೆ ಕೂತವಳು ಯಾರು ಎಂದು ಹೇಳಬೇಕು. ಆಮೇಲೆ ಈ ಊರಿನಲ್ಲಿ ಯಾರ ಮನೆಯ ಹೊಸ್ತಿಲು ತುಳಿಯುವುದು. ಅವಳ ಕೈ ತಾನಾಗಿಯೇ ಅಕ್ಕಿ ಡಬ್ಬಿಯ ಮುಚ್ಚಳ ತೆಗೆಯಿತು. ಹಾಳೆಗಳನ್ನು ಎರಡು ಮಡಿಕೆ ಮಾಡಿ ಅಕ್ಕಿಯ ಮೇಲಿಟ್ಟು ಮುಚ್ಚಿತು.

ತಿರುಗಿದರೆ ಸಮೀಕ್ಷಾ ಆಗಲೇ ಮಣೆಯ ಮೇಲೆ ಕೂತಿದ್ದಳು, ಬೆನ್ನು ಈ ಕಡೆಗೆ. ಪುಸ್ತಕ ತೊಡೆಯ ಮೇಲಿತ್ತು, ಪದ್ಯ ನಿಂತಿತ್ತು.

ವಾಸಂತಿ ಬಾಚಣಿಗೆ ಎತ್ತಿಕೊಂಡು ಅವಳ ಹಿಂದೆ ಕೂತಳು. ಸಿಕ್ಕು ಬಿಡಿಸಿದಳು. ಕೂದಲನ್ನು ಮೂರು ಪಾಲು ಮಾಡಿದಳು. ಒಂದು ಪಾಲು ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಹೊರಗೆ ಶಾಲೆಯ ಕಡೆಗೆ ಹೆಂಗಸರು ಮಾತಾಡಿಕೊಂಡು ಹೋಗುತ್ತಿದ್ದರು. ಯಾರೋ ಗೇಟಿನ ಹತ್ತಿರ ನಿಂತು, "ವಾಸಂತಕ್ಕ, ಬರ್ತಿದೀರಾ?" ಎಂದು ಕೇಳಿ ಮುಂದೆ ಹೋದರು.

ಜಡೆ ಅರ್ಧಕ್ಕೆ ಬಂದಿತ್ತು. ಸಮೀಕ್ಷಾಳ ಕತ್ತು ಸ್ವಲ್ಪ ಬಿಗಿಯಾಗಿದ್ದು ವಾಸಂತಿಯ ಬೆರಳುಗಳಿಗೆ ತಿಳಿಯಿತು. ಮಾತು ಬರುವ ಮುಂಚೆ ಆ ಮಗುವಿನ ಕತ್ತು ಹೀಗೇ ಬಿಗಿಯಾಗುತ್ತಿತ್ತು. ಅವಳು ಹೆಣೆಯುವುದನ್ನು ನಿಲ್ಲಿಸಿ ಕಾದಳು.

"ಅಮ್ಮ," ಎಂದಳು ಸಮೀಕ್ಷಾ, ಗೋಡೆಯ ಕಡೆ ನೋಡುತ್ತಲೇ. "ಅಕ್ಕಿ ಡಬ್ಬೀಲಿರೋದನ್ನೂ ಓದ್ತೀಯಾ?"