ಶಟರ್ ಮುಚ್ಚಲು ಮರೆತ ಮಧ್ಯಾಹ್ನ

ಐದು ಗಂಟೆಗೆ ತಂಪುಯಂತ್ರದ ಹೀಲಿಯಂ ಮುಗಿಯುತ್ತದೆ. ಅಷ್ಟರೊಳಗೆ ಎಲೆಕ್ಟ್ರಾನು ಹತ್ತು ನ್ಯಾನೋಸೆಕೆಂಡಾದರೂ ತನ್ನ ದಿಕ್ಕನ್ನು ನೆನಪಿಟ್ಟುಕೊಂಡರೆ ಪುಟ್ಟಿಯ ಸಂಶೋಧನೆ ಉಳಿದಂತೆ. ಇಲ್ಲವಾದರೆ ನಾಳೆಯಿಂದ ತಂಪುಯಂತ್ರ ಪಕ್ಕದ ಕೋಣೆಯವರ ಪಾಲು, ಮೂರು ವರ್ಷದ ಕೆಲಸ ಗಂಟುಮೂಟೆ. ಮೇಷ್ಟ್ರು ಬೆಳಿಗ್ಗೆಯೇ ಮುಖ ನೋಡದೆ ಹೇಳಿ ಹೋಗಿದ್ದರು.

ಇದುವರೆಗೆ ಎಲೆಕ್ಟ್ರಾನಿನ ನೆನಪು ಎರಡೇ ನ್ಯಾನೋಸೆಕೆಂಡು. ಪಾಪ, ಅದರದೇನೂ ತಪ್ಪಿಲ್ಲ. ಕಣ್ಣಿಗೆ ಕಾಣದಷ್ಟು ಪುಟ್ಟ ಅರೆವಾಹಕದ ಚುಕ್ಕೆಯೊಳಗೆ ಅದೊಂದೇ ಬುಗುರಿಯಂತೆ ತಿರುಗುತ್ತಿರುತ್ತದೆ. ಸುತ್ತಲೂ ಗ್ಯಾಲಿಯಂ, ಆರ್ಸೆನಿಕ್ ಪರಮಾಣುಗಳ ಲಕ್ಷ ನ್ಯೂಕ್ಲಿಯಸ್ಸುಗಳು. ಅವೂ ಒಂದೊಂದು ಪುಟಾಣಿ ಬುಗುರಿ, ಒಂದೊಂದು ಪುಟಾಣಿ ಅಯಸ್ಕಾಂತ. ಒಂದು ಆ ಕಡೆ ಎಳೆದರೆ ಇನ್ನೊಂದು ಈ ಕಡೆ. ಅಷ್ಟು ಗದ್ದಲದಲ್ಲಿ ಯಾರಿಗೆ ತಾನೇ ತಮ್ಮ ದಿಕ್ಕು ನೆನಪಿರುತ್ತದೆ?

ಪುಟ್ಟಿ ಲೇಸರ್ ಬೆಳಕು ಬಿಟ್ಟು ಎಲೆಕ್ಟ್ರಾನು ಯಾವ ಬಣ್ಣ ಹೀರುತ್ತದೆಂದು ಪರದೆಯ ಮೇಲೆ ತೋರಿಸುವ ಶಿಖರವನ್ನು ನೋಡುತ್ತಿದ್ದಾಗ ಫೋನು ಗುಂಯ್ಗುಟ್ಟಿತು. ಕಾರಿಡಾರಿಗೆ ಓಡಿದಳು.

"ಪುಟ್ಟೀ, ನಿನ್ನ ಚಿಕ್ಕಮ್ಮನ ಮಕ್ಕಳು ಬಂದು ಮನೇನೇ ತಲೆ ಮೇಲೆ ಹೊತ್ಕೊಂಡಿದಾರೆ ಕಣೇ!" ಅಜ್ಜಿ ಕಿರುಚಿದಳು.

"ಗದರಿಸಜ್ಜಿ."

"ಒಬ್ಬನ್ನ ಗದರಿಸಿದ್ರೆ ಇಬ್ಬರು ಕುಣೀತಾರೆ. ಕಥೆ ಶುರು ಮಾಡಿದೆ ನೋಡು, ಈಗ ಒಂದೊಂದೇ ಮುಖ ಈ ಕಡೆ ತಿರುಗ್ತಿದೆ. ನಾನು ಸರಿದು ಕೂತ್ರೆ ಅವೂ ಸರಿದು ಕೂರ್ತವೆ! ಅದಿರ್ಲಿ, ರಾಜಕುಮಾರಿ ಕುದುರೆಗೆ ಏನು ಹೆಸರಿಟ್ಟಿದ್ದೆ ನಾನು?"

ಕುದುರೆಯ ಹೆಸರು ಇಬ್ಬರಿಗೂ ಹೊಳೆಯುವಷ್ಟರಲ್ಲಿ ಹನ್ನೆರಡು ನಿಮಿಷ ಕಳೆದಿತ್ತು. ಒಳಗೆ ಬಂದವಳು ಹಣೆ ಚಚ್ಚಿಕೊಂಡಳು. ಒಂದು ನಿಮಿಷ ಬೆಳಕು, ಆಮೇಲೆ ಚುಕ್ಕೆ ಬಿಸಿಯಾಗದಂತೆ ಲೇಸರಿನ ಶಟರ್ ಮುಚ್ಚು: ಇದು ಮೇಷ್ಟ್ರ ಕಟ್ಟಪ್ಪಣೆ. ಶಟರ್ ತೆರೆದೇ ಇತ್ತು. ಶಿಖರವೂ ತನ್ನ ಜಾಗ ಬಿಟ್ಟು ಬಲಕ್ಕೆ ಸರಿದಿತ್ತು.

"ಅಣ್ಣಾ, ಮ್ಯಾಗ್ನೆಟ್ ಕೆಟ್ಟಿದೆಯಾ?"

ಹೀಲಿಯಂ ತುಂಬುವ ಅಣ್ಣ ತಂಪುಯಂತ್ರವನ್ನು ಸುತ್ತಿದ ದೊಡ್ಡ ಮ್ಯಾಗ್ನೆಟ್ಟಿನ ಮೀಟರಿಗೆ ಮೂಗು ತಾಗಿಸಿ ನೋಡಿದ. "ನನ್ನ ಮ್ಯಾಗ್ನೆಟ್ ಬಂಡೆ ಥರ ಕೂತಿದೆ ಕಣಮ್ಮ. ನಿನ್ನ ತಲೆ ಕೆಟ್ಟಿರಬೇಕು."

ಹೊರಗಿನ ಮ್ಯಾಗ್ನೆಟ್ ಅಲುಗಿಲ್ಲ ಅಂದರೆ ಅಲುಗಿದ್ದು ಒಳಗಿನ ಪುಟಾಣಿ ಅಯಸ್ಕಾಂತಗಳು! ಪುಟ್ಟಿ ಲೇಸರಿನ ಬಣ್ಣವನ್ನು ಕೂದಲೆಳೆಯಷ್ಟು ಬದಲಿಸಿದಳು. ಶಿಖರ ತಾಯಿ ಹಸುವನ್ನು ಕಂಡ ಕರುವಿನಂತೆ ಹಿಂದೆಯೇ ಬಂತು. ಇನ್ನಷ್ಟು ಸರಿಸಿದಳು. ಇನ್ನಷ್ಟು ಬಂತು! ಎಡಕ್ಕೆ ಸರಿಸಿದರೆ ಎಡಕ್ಕೂ ಬಂತು! ಎಲೆಕ್ಟ್ರಾನು ಸುಮ್ಮನೆ ಪೆಟ್ಟು ತಿನ್ನುತ್ತಿರಲಿಲ್ಲ. ಬೆಳಕು ಬಿಟ್ಟೂಬಿಡದೆ ಅದನ್ನು ತಿರುಗಿಸುತ್ತಿದ್ದರೆ, ಅದು ತನ್ನ ತಿರುವನ್ನು ಒಂದೊಂದೇ ನ್ಯೂಕ್ಲಿಯಸ್ಸಿಗೆ ದಾಟಿಸಿ ಗದ್ದಲ ಅಡಗಿಸುತ್ತಿತ್ತು. ಮೂರು ವರ್ಷವೂ ಒಂದೊಂದೇ ನಿಮಿಷಕ್ಕೆ ಶಟರ್ ಮುಚ್ಚಿ, ಕಥೆಯನ್ನು ಮೊದಲ ಸಾಲಿನಲ್ಲೇ ನಿಲ್ಲಿಸಿಬಿಟ್ಟಿದ್ದಳು!

"ಅಣ್ಣಾ, ಮೇಷ್ಟ್ರನ್ನ ಕರೀರಿ! ಓಡಿ!"

ಮೇಷ್ಟ್ರು ಬಂದಾಗ ನಾಲ್ಕೂ ಇಪ್ಪತ್ತು. "ಬಿಸಿಯಾಗಿ ಸರಿದಿರುತ್ತೆ, ಅಷ್ಟೇ," ಎಂದರು.

"ಬಿಸಿ ಆದ್ರೆ ಒಂದೇ ಕಡೆ ಹೋಗ್ಬೇಕಲ್ವಾ ಸಾರ್? ಇದು ನಾನು ಕರೆದ ಕಡೆ ಬರ್ತಿದೆ."

ಮೇಷ್ಟ್ರು ಕುರ್ಚಿ ಎಳೆದುಕೊಂಡರು. ಪುಟ್ಟಿ ಹನ್ನೆರಡು ನಿಮಿಷ ಬೆಳಕು ಬಿಟ್ಟು, ಲಕ್ಷ ಬುಗುರಿಗಳನ್ನೂ ಹದಕ್ಕೆ ತಂದು, ತಕ್ಷಣ ಎಲೆಕ್ಟ್ರಾನಿನ ನೆನಪನ್ನು ಅಳೆದಳು. ಪರದೆಯ ಮೇಲೆ ಅಲೆ ಏರಿತು, ಇಳಿಯಿತು. ಎರಡು ದಾಟಿತು. ಹತ್ತು ದಾಟಿತು. ಇನ್ನೂ ಅಲೆ ಸತ್ತಿರಲಿಲ್ಲ.

"ನಲವತ್ತೇಳು," ಎಂದು ಪುಟ್ಟಿ ಪಿಸುಗುಟ್ಟಿದಳು. ಆಮೇಲೆ ಗಂಟಲು ಹರಿಯುವಂತೆ, "ನಲವತ್ತೇಳು ನ್ಯಾನೋಸೆಕೆಂಡು!"

ಹೀಲಿಯಂ ಅಣ್ಣ ಯಾರೂ ಹೇಳದೆಯೇ ಇನ್ನೊಂದು ಸಿಲಿಂಡರ್ ತರಲು ಹೊರಟ. ಮೇಷ್ಟ್ರು ಪರದೆಯಿಂದ ಕಣ್ಣು ಕಿತ್ತು ಕುರ್ಚಿಯಿಂದ ಎದ್ದರು.

"ಯಂತ್ರ ಇಲ್ಲೇ ಇರುತ್ತೆ. ಪಕ್ಕದವರಿಗೆ ನಾನು ಹೇಳ್ತೀನಿ. ಶಟರ್ ಯಾಕೆ ತೆರೆದಿತ್ತು ಅಂತ ನೋಟ್‌ಬುಕ್ಕಲ್ಲಿ ಬರಿ."

"ಅಜ್ಜಿ ಕಥೆಯ ಕುದುರೆ ಹೆಸರು ಕೇಳೋಕೆ ಫೋನ್ ಮಾಡಿದ್ಲು ಅಂತ ಬರೀಲಾ ಸಾರ್?"

"ಬರಿ. ಎಷ್ಟು ನಿಮಿಷ ಮಾತಾಡಿದ್ರಿ ಅಂತಾನೂ ಬರಿ. ನಾಳೆ ಅದಕ್ಕಿಂತ ಉದ್ದದ ಕಥೆ ಹೇಳ್ಸು."