ಬಲೆ ಹೊದ್ದ ಬಾವ

ಹೊಟ್ಟೆಕಿಚ್ಚಿಗೆ ಕಾರಣ ಬೇಕೇ ಬೇಕು ಅಂತೇನಿಲ್ಲ. ಆದರೆ ಉದ್ದನಪಲ್ಲಿಯ ರಾಮಮೂರ್ತಿಗೆ ಆ ಕಾರಣವನ್ನೂ ಸರ್ಕಾರವೇ ಒದಗಿಸಿಕೊಟ್ಟಿತು. ಅವನ ಹೆಂಡತಿಯ ಬಾಯಿಗೆ ಬೀಗ ಹಾಕಿದ್ದು ಸರ್ಕಾರ. ಬೀಗದ ಒಳಗೆ ಏನಿದೆಯೋ ಅಂತ ಇವನು ಹೊರಗೆ ನಿಂತು ಬೆಂದುಹೋದ.

ಹೆಂಡತಿ ಚಂದ್ರಲೇಖಾ ಕೃಷ್ಣಗಿರಿಯ ಕಾಲೇಜಿನಲ್ಲಿ ಗಣಿತ ಓದಿದವಳು. ಹೊಸೂರಿನ ಒಂದು ಕಂಪನಿಯಲ್ಲಿ ಕಂಪ್ಯೂಟರಿಗೆ ಕಣ್ಣು ಕೊಡುವ ಕೆಲಸ. ಹಾಗಂದರೆ ಮಂತ್ರ ತಂತ್ರ ಏನಲ್ಲ. ಪರದೆಯ ಮೇಲೆ ಒಂದಾದ ಮೇಲೊಂದು ಫೋಟೋ ಬರುತ್ತದೆ. ಮಾವಿನಕಾಯಿ ಕಂಡರೆ ಅದರ ಸುತ್ತ ಒಂದು ಚೌಕ ಎಳೆದು ಇದು ಮಾವಿನಕಾಯಿ ಅಂತ ಗುರುತು ಹಾಕಬೇಕು, ಆನೆ ಕಂಡರೆ ಆನೆಯ ಸುತ್ತ. ಹೀಗೆ ಲಕ್ಷಗಟ್ಟಲೆ ಫೋಟೋ ತೋರಿಸಿಕೊಟ್ಟ ಮೇಲೆ ಯಂತ್ರಕ್ಕೆ ತಾನೇ ಗುರುತು ಹತ್ತುತ್ತದೆ. ಆಮೇಲೆ ಡ್ರೋನು ತೋಪಿನ ಮೇಲೆ ಒಂದು ಸುತ್ತು ಹಾರಿದರೆ ಸಾಕು, ಈ ಸಲದ ಫಸಲು ಎಷ್ಟು ಅಂತ ಹೇಳಿಬಿಡುತ್ತದೆ. ಆನೆ ರಾಗಿ ಹೊಲಕ್ಕೆ ಇಳಿಯುವ ಮುಂಚೆಯೇ ಊರವರ ಫೋನು ಹೊಡೆದುಕೊಳ್ಳುತ್ತದೆ.

ಆಗೆಲ್ಲ ಊಟಕ್ಕೆ ಕೂತರೆ ಅವಳ ಬಾಯಿ ನಿಲ್ಲುತ್ತಿರಲಿಲ್ಲ. "ಇವತ್ತೊಂದ್ ಮರಿಯಾನೆ ರೀ, ಅವ್ರಮ್ಮನ ಕಾಲ್ ಸಂದೀಲಿ ನಿಂತ್ಕಂಡು ಕ್ಯಾಮೆರಾನೇ ದುರುಗುಟ್ಕಂಡ್ ನೋಡ್ತೈತೆ!" ಅನ್ನುವಳು. ರಾಮಮೂರ್ತಿ ಮುದ್ದೆ ಮುರಿಯುವುದನ್ನು ಬಿಟ್ಟು ಕೇಳುವನು. ಅವನ ಅವ್ವ ಕೊಂಡಮ್ಮ, "ಫೋಟೋ ನೋಡಕ್ಕೂ ಸಂಬ್ಳ ಕೊಡ್ತಾರಾ? ನಂಗೂ ಒಂದ್ ಕೆಲ್ಸ ಕೊಡ್ಸೇ" ಅಂತ ರೇಗಿಸುವಳು. ಮನೆ ಚೆನ್ನಾಗಿತ್ತು.

ಕೆಟ್ಟದ್ದು ಚಂದ್ರಲೇಖಾಳ ಕಣ್ಣು ಚುರುಕಾಗಿದ್ದರಿಂದ. ಎಲೆಮರೆಯ ಕಾಯಿ ಅಂತೀವಲ್ಲ, ಅದನ್ನು ನಿಜವಾಗಿಯೂ ಹುಡುಕುವುದರಲ್ಲಿ ಕಂಪನಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹಸಿರಿನಲ್ಲಿ ಹಸಿರು ಅಡಗಿದ್ದರೂ ಅವಳಿಗೆ ಕಾಣುತ್ತಿತ್ತು. ಅದನ್ನು ಗಮನಿಸಿದ ಮೇಲಿನವರು ಅವಳನ್ನು ಮೇಲಿನ ಮಹಡಿಗೆ ಕರೆಸಿಕೊಂಡರು. ಕೆಳಗಿನ ಮಹಡಿಯ ಕೆಲಸ ತೋಟಕ್ಕೆ, ಕಾಡಿಗೆ, ರಸ್ತೆಗೆ, ಮೇಲಿನದು ಸೈನ್ಯಕ್ಕೆ. ಅಲ್ಲಿಗೆ ಫೋನು ಒಯ್ಯುವ ಹಾಗಿಲ್ಲ, ಅಲ್ಲಿ ಕಂಡದ್ದನ್ನು ಗಂಡನ ಹತ್ತಿರವೂ ಆಡುವ ಹಾಗಿಲ್ಲ. ಹಾಗಂತ ಬರೆದುಕೊಟ್ಟು ಸಹಿ ಹಾಕಿದ್ದಳು. ಸ್ವಲ್ಪ ದಿನ ಪರೀಕ್ಷೆಯ ಮೇಲೆ ಇಟ್ಟುಕೊಂಡು, ಮನೆಗೆ ಅಧಿಕಾರಿಯನ್ನು ಕಳಿಸಿ ವಿಚಾರಣೆ ಮಾಡಿ, ಎಲ್ಲ ಸರಿ ಇದ್ದರೆ ಕಾಯಂ ಮಾಡುತ್ತಾರೆ. ಕಾಯಂ ಆದರೆ ಒಂದು ಇಡೀ ತಂಡಕ್ಕೆ ಅವಳೇ ಲೀಡರು.

"ಇದೊಂದ್ ಆಗ್ಬುಟ್ರೆ ಸಾಕು ರೀ, ಇನ್ನೇನೂ ಕೇಳಲ್ಲ ನಾನು" ಅಂದಿದ್ದಳು ಗಂಡನಿಗೆ. ಅಷ್ಟು ಆಸೆಯಿಂದ ಅವಳು ತಾಳಿಯನ್ನಾದರೂ ಕಟ್ಟಿಸಿಕೊಂಡಿದ್ದಳೋ ಇಲ್ಲವೋ ಅಂತ ಅವನಿಗೆ ಆಗಲೇ ಒಂದು ಸಣ್ಣ ಅನುಮಾನ ಬಂತು.

ಅಲ್ಲಿಂದ ಊಟದ ಹೊತ್ತು ಮೂಕವಾಯಿತು. "ಇವತ್ತೇನ್ ಮಾಡ್ದೆ?" ಅಂದರೆ "ಕೆಲ್ಸ" ಅನ್ನುವಳು. "ಏನ್ ಕೆಲ್ಸ?" ಅಂದರೆ "ಹೇಳಂಗಿಲ್ಲ ಕಣ್ರೀ, ಸೈನ್ ಹಾಕಿವ್ನಿ" ಅನ್ನುವಳು. ರಾಮಮೂರ್ತಿಗೆ ಮೈ ಉರಿಯಿತು. ಅವನು ಮೋಟಾರು ಫ್ಯಾಕ್ಟರಿಯಲ್ಲಿ ಪೆಟ್ರೋಲ್ ಟ್ಯಾಂಕಿನ ಬಣ್ಣದಲ್ಲಿ ಗೀರು ಇದೆಯೋ ನೋಡುವವನು. ಈಚೆಗೆ ಅಲ್ಲೂ ಒಂದು ಕ್ಯಾಮೆರಾ ಬಂದು ಅವನ ಪಕ್ಕದಲ್ಲೇ ನಿಂತಿತ್ತು. ಅವನು ಬಿಟ್ಟ ಗೀರನ್ನು ಅದು ಹಿಡಿದು ಕೆಂಪು ದೀಪ ಹಚ್ಚುತ್ತಿತ್ತು. ಇಡೀ ಶಿಫ್ಟು ಆ ದರಿದ್ರ ದೀಪದ ಹತ್ತಿರ ಮರ್ಯಾದೆ ಕಳೆದುಕೊಂಡು ಮನೆಗೆ ಬಂದರೆ, ಇಲ್ಲಿ ಹೆಂಡತಿ ಸೈನ್ಯದ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು ಸಾರಿಗೆ ಒಗ್ಗರಣೆ ಹಾಕುತ್ತಿರುತ್ತಾಳೆ. ಅವಳ ಗತ್ತೇನು, ನಡಿಗೆಯೇನು! ಹೋಗಲಿ ಬಿಡು ಅಂತ ಎಷ್ಟು ಸಲ ಅಂದುಕೊಂಡರೂ ಹೋಗಲಿಲ್ಲ.

ಒಂದು ಸಂಜೆ ಅವನು ಹಿತ್ತಲಿನ ಕೊಟ್ಟಿಗೆಯೊಳಗೆ ಎಮ್ಮೆಗೆ ನೀರಿಡುತ್ತಿದ್ದ. ಚಂದ್ರಲೇಖಾ ಒಗೆಯುವ ಕಲ್ಲಿನ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದಳು. ಆ ಕಡೆ ಇದ್ದವಳು ಶರ್ಮಿಳಾ, ಅದೇ ಮೇಲಿನ ಮಹಡಿಯ ಗೆಳತಿ. ಗಂಡ ಗೋಡೆಯ ಆಚೆ ಇದ್ದಾನೆ ಅಂತ ಇವಳಿಗೆ ಗೊತ್ತಿಲ್ಲ.

"ಇವತ್ತು ಬಾವ ಕಂಡ್ನೇನೇ ನಿಂಗೆ? ಥೂ, ನಿಂಗೆಲ್ ಕಾಣ್ತಾನೆ! ಮರದಡೀಲಿ ಬಲೆ ಹೊದ್ಕಂಡು ಅಲ್ಲಾಡ್ದಂಗೆ ಮಲ್ಗಿದ್ದ. ನಾನು ನೋಡಿದ್ ಕೂಡ್ಲೆ ಹಿಡ್ಕಂಡ್ಬುಟ್ಟೆ" ಅಂದು ಕಿಲಕಿಲ ನಕ್ಕಳು.

ರಾಮಮೂರ್ತಿ ಬಕೆಟ್ಟನ್ನು ಸದ್ದಾಗದ ಹಾಗೆ ಕೆಳಗಿಟ್ಟ. ಬಾವ! ನಮ್ಮ ಸೀಮೆಯಲ್ಲಿ ಬಾವ ಅಂದರೆ ಬರೀ ಅಕ್ಕನ ಗಂಡನಲ್ಲ. ಸೋದರತ್ತೆಯ ಮಗನೂ ಬಾವನೇ. ಹುಟ್ಟಿದ ಹೆಣ್ಣಿನ ಮೇಲೆ ಮೊದಲ ಹಕ್ಕು ಅವನದು ಅಂತ ತೊಟ್ಟಿಲಲ್ಲಿದ್ದಾಗಲೇ ರೇಗಿಸಲು ಶುರು ಮಾಡಿರುತ್ತಾರೆ. ಚಂದ್ರಲೇಖಾಳಿಗೆ ಅಂಥ ಬಾವ ಒಬ್ಬನಿದ್ದ. ಹೆಸರು ಜಗನ್, ಕೃಷ್ಣಗಿರಿಯಲ್ಲಿ ಮಾವಿನ ಮಂಡಿ, ಊರಾಚೆ ತೋಪು, ತೋಪಿನಲ್ಲೊಂದು ಮನೆ. ಮದುವೆಯ ದಿನ ಛತ್ರದಲ್ಲಿ ಎಲ್ಲರೆದುರು ರಾಮಮೂರ್ತಿಯ ಭುಜ ತಟ್ಟಿ, "ನನ್ನ ಹಕ್ಕು ಬಿಟ್ಕೊಟ್ಟಿವ್ನಿ ಕಣಣ್ಣ, ಉಷಾರಾಗ್ ನೋಡ್ಕೊ" ಅಂದಿದ್ದ. ಎಲ್ಲರೂ ನಕ್ಕಿದ್ದರು. ರಾಮಮೂರ್ತಿ ಹಲ್ಲು ಕಿರಿದಿದ್ದ, ಅಷ್ಟೇ.

ಬಲೆ ಹೊದ್ದುಕೊಂಡು ಮಲಗಿದ್ದ ಅಂದರೇನು? ಸೊಳ್ಳೆ ಬಲೆ ತಾನೇ? ಮರದಡಿ ಅಂದರೆ ತೋಪಿನ ಮನೆಯೇ ಇರಬೇಕು. ಇವಳು ಕಂಪನಿಯ ವ್ಯಾನು ಹತ್ತುವುದು ಆಫೀಸಿಗೋ ಎಲ್ಲಿಗೋ! ಫೋನು ಯಾಕೆ ಲಾಕರಿನಲ್ಲಿ ಇರುತ್ತದೆ, ಹಗಲು ಫೋನು ಮಾಡಿದರೆ ಯಾಕೆ ಎತ್ತುವುದಿಲ್ಲ, ಕೇಳಿದರೆ ಯಾಕೆ ಹೇಳುವುದಿಲ್ಲ, ಎಲ್ಲವೂ ಅವನ ತಲೆಯಲ್ಲಿ ಒಂದಕ್ಕೊಂದು ಗಂಟುಬಿದ್ದವು. ಹೆಂಡತಿಯನ್ನು ನೇರವಾಗಿ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಅವಳು ಹೌದು ಅಂದುಬಿಟ್ಟರೆ ಅನ್ನುವ ಭಯ.

ವಾರದ ರಜೆಯ ದಿನ ಬೈಕು ಹತ್ತಿ ನೆಟ್ಟಗೆ ಕೃಷ್ಣಗಿರಿಗೆ ಹೋದ. ಮಂಡಿಯಲ್ಲಿ ಹಣ್ಣಿನ ರಾಶಿಯ ನಡುವೆ ಜಗನ್ ಕೂತಿದ್ದ. ತಲೆಗೆ ಬಣ್ಣ ಹಾಕಿದ್ದಾನೆ, ಇಸ್ತ್ರಿ ಅಂಗಿ ಬೇರೆ. ಮಾವು ಮಾರುವವನಿಗೆ ಇಸ್ತ್ರಿ ಅಂಗಿ ಯಾಕೆ ಅಂತ ರಾಮಮೂರ್ತಿಯ ಹೊಟ್ಟೆ ಉರಿಯಿತು.

"ಬಾರಣ್ಣ, ಬಾ! ಏನಿಷ್ಟ್ ದೂರ? ಚಂದ್ರಿ ಹೆಂಗವ್ಳೆ?" ಅಂದ ಜಗನ್.

ಚಂದ್ರಿ! ಗಂಡನಾದವನೇ ಪೂರ್ತಿ ಹೆಸರು ಹಿಡಿದು ಕರೆಯುತ್ತಿರುವಾಗ ಇವನಿಗೆ ಚಂದ್ರಿ. ರಾಮಮೂರ್ತಿ ಬಹಳ ಜಾಣತನದಿಂದ ಪ್ರಶ್ನೆ ಹಾಕಿದ. "ಏನಪ್ಪಾ, ನಿಮ್ ಕಡೆ ಸೊಳ್ಳೆ ಗಿಳ್ಳೆ ಹೆಂಗೆ?"

"ಅಯ್ಯೋ, ಅದ್ನ ಯಾಕ್ ಕೇಳ್ತೀಯಣ್ಣ! ಬಲೆ ಇಲ್ದೆ ಕಣ್ ಮುಚ್ಚಂಗೇ ಇಲ್ಲ" ಅಂದ ಜಗನ್.

ಇನ್ನೇನು ಬೇಕು? ಪಾಪ, ಜಗನ್ ಒಂದು ಪೆಟ್ಟಿಗೆ ಮಲಗೋವಾ ಕಟ್ಟಿಸಿ ಬೈಕಿನ ಹಿಂದೆ ತಾನೇ ಹಗ್ಗ ಬಿಗಿದು ಕಳಿಸಿದ. ದಾರಿಯಲ್ಲಿ ಪೆಟ್ಟಿಗೆಯನ್ನು ಚರಂಡಿಗೆ ಎಸೆಯಬೇಕು ಅಂತ ಇವನಿಗೆ ಎಷ್ಟೋ ಸಲ ಅನ್ನಿಸಿತು. ಮಲಗೋವಾ ನೋಡಿ, ಎಸೆಯಲು ಮನಸ್ಸು ಬರಲಿಲ್ಲ. ಮನೆಯಲ್ಲಿ ಸಂತೆಯಿಂದ ತಂದೆ ಅಂತ ಸುಳ್ಳು ಹೇಳಿದ.

ಚಂದ್ರಲೇಖಾ ಒಂದು ಹಣ್ಣನ್ನು ಮೂಗಿಗೆ ಹಿಡಿದು, "ಸಂತೇದಲ್ಲ ರೀ ಇದು, ನಮ್ ಕೃಷ್ಣಗಿರಿ ಅತ್ತೆ ತೋಪಿಂದು. ವಾಸ್ನೇಲೇ ಗೊತ್ತಾಯ್ತದೆ" ಅಂದಳು. ಕಣ್ಣರಳಿಸಿಕೊಂಡು, ಮೊಣಕೈವರೆಗೆ ರಸ ಇಳಿಸಿಕೊಂಡು ತಿಂದಳು. ಅವಳು ತಿನ್ನುವುದನ್ನು ನೋಡುತ್ತಾ ರಾಮಮೂರ್ತಿ ಒಂದು ಹೋಳೂ ಮುಟ್ಟಲಿಲ್ಲ.

"ಯಾಕ್ಲಾ, ಹಲ್‌ನೋವಾ?" ಅಂದಳು ಕೊಂಡಮ್ಮ.

"ಹೊಟ್ಟೆನೋವು" ಅಂದ ಅವನು. ಅದು ಸುಳ್ಳಲ್ಲ.

ಹೀಗಿರುವಾಗ ವಿಚಾರಣೆಯ ಅಧಿಕಾರಿ ಬಂದರು. ಚಂದ್ರಲೇಖಾ ಕೆಲಸಕ್ಕೆ ಹೋಗಿದ್ದ ಹೊತ್ತು. ಮೊದಲು ಆವುಲಪ್ಪನ ಟೀ ಅಂಗಡಿಯಲ್ಲಿ ಕೂತು ಆ ಮನೆಯವರು ಹೇಗೆ ಅಂತ ಕೇಳಿಕೊಂಡು, ಆಮೇಲೆ ಮನೆಗೆ ಬಂದರು. ಚೆನ್ನೈ ಕಡೆಯವರು, ಮಾತೆಲ್ಲ ತಮಿಳು. ಫ್ಯಾಕ್ಟರಿಯಲ್ಲಿ ದಿನವಿಡೀ ತಮಿಳು ಆಡುವ ರಾಮಮೂರ್ತಿಗೆ ಅದೇನು ತೊಂದರೆಯಲ್ಲ. ಕೊಂಡಮ್ಮ ಕಾಫಿ ತಂದಿಟ್ಟಳು.

ಹೆಂಡತಿ ಕೆಲಸದ ವಿಷಯ ಮನೆಯಲ್ಲಿ ಮಾತಾಡುತ್ತಾರೆಯೇ ಅಂತ ಅವರು ಕೇಳಿದರು. ಇಲ್ಲ ಸಾರ್, ಒಂದಕ್ಷರವೂ ಹೇಳುವುದಿಲ್ಲ ಅಂದ ರಾಮಮೂರ್ತಿ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಚಂದ್ರಲೇಖಾ ಆ ವಾರವೇ ಕಾಯಂ ಆಗುತ್ತಿದ್ದಳು. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿ, ಒಳ್ಳೆಯ ಹೆಣ್ಣುಮಗಳು ಕಣಪ್ಪ, ಅವರ ಸಾಹೇಬರು ಬಹಳ ಹೊಗಳುತ್ತಾರೆ ಅಂತ ಎದ್ದರು.

"ಯಾರು ಸಾರ್ ಹೊಗಳೋದು? ಹೆಸರೇನು?" ಅಂದ ರಾಮಮೂರ್ತಿ. ಬಾವ ಅಂದರೆ ಜಗನ್ನೋ ಈ ಸಾಹೇಬನೋ ಅಂತ ಈಗ ಹೊಸ ಅನುಮಾನ.

ಅಧಿಕಾರಿ ಅವನ ಮುಖ ನೋಡಿ ಮತ್ತೆ ಕೂತರು. ಏನಾದರೂ ಹೇಳುವುದಿದೆಯೇ ಅಂತ ಮೆಲ್ಲಗೆ ಕೇಳಿದರು. ಅಷ್ಟು ಮೆಲ್ಲಗೆ ಅವನನ್ನು ಯಾರಾದರೂ ಏನನ್ನಾದರೂ ಕೇಳಿ ಬಹಳ ದಿನವಾಗಿತ್ತು. ಸರ್ಕಾರವೇ ಮನೆ ಬಾಗಿಲಿಗೆ ವಿಚಾರಣೆಗೆ ಬಂದಿದೆಯಲ್ಲ, ಇದನ್ನೂ ಒಂದು ವಿಚಾರಿಸಿಬಿಡಲಿ ಅಂತ ಅವನಿಗೆ ಅನ್ನಿಸಿತು. ಕಟ್ಟೆಯೊಡೆಯಿತು. ಯಾರೋ ಬಾವ ಇದ್ದಾನೆ ಸಾರ್, ಶರ್ಮಿಳಾ ಅನ್ನುವವಳಿಗೂ ಗೊತ್ತು, ಇಬ್ಬರೂ ಫೋನಿನಲ್ಲಿ ಅವನ ವಿಷಯ ಹೇಳಿಕೊಂಡು ನಗುತ್ತಾರೆ ಅಂದ.

"ಬಾವಾನ್ನಾ ಯಾರು?" ಅಂದರು ಅಧಿಕಾರಿ, ಬಾವ ಅಂದರೆ ಯಾರು ಅಂತ.

"ಅದಾನ್ ಸಾರ್ ಎನಕ್ಕುಂ ತೆರಿಯಣುಂ" ಅಂದ ರಾಮಮೂರ್ತಿ. ನನಗೂ ಗೊತ್ತಾಗಬೇಕಿರುವುದು ಅದೇ ಅಂತ. ಮರದಡಿ ಬಲೆ ಹೊದ್ದುಕೊಂಡು ಅಲ್ಲಾಡದೆ ಮಲಗಿದ್ದನಂತೆ, ಇವಳು ನೋಡಿದ ಕೂಡಲೇ ಹಿಡಿದುಕೊಂಡಳಂತೆ, ನನ್ನ ಕಿವಿಯಾರೆ ಕೇಳಿದೆ ಸಾರ್ ಅಂತ ಒಂದು ಮಾತೂ ಬಿಡದೆ ಒಪ್ಪಿಸಿದ.

ಬಲೆ ಅಂದ ಕೂಡಲೇ ಅಧಿಕಾರಿಯ ಮುಖದ ಬಣ್ಣ ಬದಲಾಯಿತು. ಫೋನಿನಲ್ಲೇ ಹೇಳಿದ್ದಾ, ಸರಿಯಾಗಿ ನೆನಪಿದೆಯಾ ಅಂತ ಮತ್ತೊಮ್ಮೆ ಕೇಳಿ ಬರೆದುಕೊಂಡು, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೊರಟರು. ಸರ್ಕಾರಕ್ಕೂ ನನ್ನಷ್ಟೇ ಸಿಟ್ಟು ಬಂದಿದೆ ಅಂತ ರಾಮಮೂರ್ತಿಗೆ ಎಷ್ಟೋ ಸಮಾಧಾನವಾಯಿತು. ಅಂದು ಹೊಟ್ಟೆ ತುಂಬ ಉಂಡ.

ಮಾರನೆಯ ದಿನ ಚಂದ್ರಲೇಖಾ ಮಧ್ಯಾಹ್ನಕ್ಕೇ ಬಂದಳು. ಕಂಪನಿಯ ವ್ಯಾನಿನಲ್ಲಲ್ಲ, ಟೌನ್ ಬಸ್ಸಿನಲ್ಲಿ. ಬ್ಯಾಗು ತೆಗೆಯದೆ ಜಗುಲಿಯ ಮೇಲೆ ಕೂತಳು. ಆಗಷ್ಟೇ ಶಿಫ್ಟು ಮುಗಿಸಿ ಬಂದಿದ್ದ ರಾಮಮೂರ್ತಿ ಬೈಕಿನ ಪಕ್ಕದಲ್ಲೇ ನಿಂತ.

"ಕೆಲ್ಸ ಹೋಯ್ತು" ಅಂದಳು. "ಕೆಳಗಿನ ಮಹಡೀಗೂ ಬ್ಯಾಡ ಅಂದ್ಬುಟ್ರು. ಶರ್ಮಿಳಂದೂ ಹೋಯ್ತು."

"ಯಾಕೆ?"

"ಬಾವ ಯಾರು ಅಂತ ನೀವು ಆ ಆಫೀಸರ್ ತಾವ ಕೇಳಿದ್ರಂತಲ್ಲ. ಇದೂ ಹೇಳಂಗಿಲ್ಲ, ಆದ್ರೂ ಹೇಳ್ತೀನಿ ಕೇಳಿ. ಬಾವ ಅಂದ್ರೆ ಲಾರಿ."

"ಲಾರಿ?"

"ಮಿಲ್ಟ್ರಿ ಲಾರಿ. ಮೇಲಿಂದ ಕಾಣ್ಬಾರ್ದು ಅಂತ ಹಸಿರು ಬಲೆ ಹೊದ್ಸಿ ಮರದಡಿ ನಿಲ್ಸಿರ್ತಾರೆ. ಡ್ರೋನ್ ಫೋಟೋದಾಗೆ ಅದ್ನ ಹುಡ್ಕಿ ಕಂಪ್ಯೂಟರಿಗೆ ತೋರ್ಸೋದೇ ನನ್ ಕೆಲ್ಸ. ಅದ್ರ ಗುರ್ತು ಬಿ, ಎ, ವಿ ಅಂತ ಮೂರಕ್ಷರ. ನಾವಿಬ್ರೂ ಅದ್ನ ಬಾವ, ಬಾವ ಅಂತ ಓದ್ಕಂಡು ನಗಾಡ್ತಿದ್ವಿ. ಹೊರ್ಗಡೆ ಫೋನಲ್ಲಿ ಆಡಿದ್ದು ನಮ್ದೇ ತಪ್ಪು, ಇಲ್ಲ ಅನ್ನಲ್ಲ. ಆದ್ರೆ ನೀವು ನನ್ನ ಒಂದ್ ಮಾತ್ ಕೇಳ್ಬೋದಿತ್ತು. ನನ್ನ ಕೇಳ್ಲಿಲ್ಲ, ಹೋಗಿ ಅವ್ರಿಗೇಳಿದ್ರಿ."

ರಾಮಮೂರ್ತಿಗೆ ಅವಳ ಮಾತಿನಲ್ಲಿ ಕೇಳಿಸಿದ್ದು ಒಂದೇ ಪದ. ಲಾರಿ! ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಉರುಳಿಹೋಯಿತು. ಜಗನ್ ಅಲ್ಲ, ಸಾಹೇಬನಲ್ಲ, ಗಂಡಸೇ ಅಲ್ಲ. ಅವನಿಗೆ ನಗು ಒತ್ತರಿಸಿಕೊಂಡು ಬಂತು. ತಡೆಯಲು ನೋಡಿದ, ಆಗಲಿಲ್ಲ. ಬೈಕಿನ ಸೀಟು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. "ಅವ್ವಾ! ಬಾವ ಅಂದ್ರೆ ಲಾರಿಯಂತೆ ಕಣವ್ವಾ!" ಅಂತ ಒಳಗೆ ಕೂಗಿ ಮತ್ತೂ ನಕ್ಕ.

ಚಂದ್ರಲೇಖಾ ಅವನನ್ನೇ ನೋಡುತ್ತಿದ್ದಳು.

"ನನ್ ಕೆಲ್ಸ ಹೋಗಿದ್ದಕ್ಕೆ ನಗ್ತಿದ್ದೀರಾ?"

"ಅಯ್ಯೋ, ಅಲ್ಲ ಕಣೇ" ಅಂದ ರಾಮಮೂರ್ತಿ ಕಣ್ಣೊರೆಸಿಕೊಳ್ಳುತ್ತಾ. "ಯಾರೂ ಇಲ್ವಲ್ಲಾ ಅಂತ."

"ಹೂಂ, ಯಾರೂ ಇರ್ಲಿಲ್ಲ" ಅಂದಳು ಅವಳು. "ಒಬ್ಬ ಇದ್ದಿದ್ರೇ ಚೆಂದಾಗಿತ್ತು. ಇವತ್ತು ಅವನ್ ತಾವ ಹೋಗಿ ಅತ್ಕಂಡು ಬತ್ತಿದ್ದೆ."

ಅಷ್ಟು ಹೇಳಿ ಬ್ಯಾಗು ಕೆಳಗಿಟ್ಟು, ಕೈಕಾಲು ತೊಳೆದುಕೊಳ್ಳಲು ಹಿತ್ತಲಿಗೆ ಹೋದಳು.