ಬಳ್ಳಿಗಾವಿಯ ಹೆಪ್ಪು

ಶುಕ್ರವಾರ ರಾತ್ರಿ ಹನ್ನೊಂದರ ಹೊತ್ತಿಗೆ ಅಡುಗೆಮನೆಯಲ್ಲಿ ಟಿಣ್ ಎಂದು ಸಣ್ಣ ಸದ್ದಾಯಿತು. ಅತ್ತೆ ನೀಲಾಂಬಿಕ ಉಗುರುಬೆಚ್ಚನೆಯ ಹಾಲಿಗೆ ಹೆಪ್ಪು ಹಾಕಿ, ಪಾತ್ರೆಗೆ ತಟ್ಟೆ ಮುಚ್ಚಿದ ಸದ್ದು. ಸೊರಬದ ಈ ಮನೆಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷವಾಯಿತು. ಆ ಸದ್ದು ಕೇಳಿದ ಮೇಲೆಯೇ ನನಗೆ ನಿದ್ದೆ ಹತ್ತುವುದು. ಅವತ್ತು ಮಾತ್ರ ಅದನ್ನು ಕೇಳಿ ಇದ್ದ ನಿದ್ದೆಯೂ ಹಾರಿಹೋಯಿತು.

ಭಾನುವಾರ ನಾದಿನಿ ಶೃತಿಯ ಮಗುವಿಗೆ ನಾಮಕರಣ. ನೂರೈವತ್ತು ಜನಕ್ಕೆ ಊಟ, ಊಟದ ಕೊನೆಗೆ ಅತ್ತೆಯ ಹೆಪ್ಪಿನ ಮಜ್ಜಿಗೆ. ನಮ್ಮ ಮನೆಯಲ್ಲಿ ಹೆಪ್ಪು ಬರೀ ಒಂದು ಚಮಚ ಹಳೆಯ ಮೊಸರಲ್ಲ. ಅತ್ತೆ ಮದುವೆಯಾಗಿ ಬರುವಾಗ ತವರುಮನೆ ಬಳ್ಳಿಗಾವಿಯಿಂದ ಸಣ್ಣ ಕುಡಿಕೆಯಲ್ಲಿ ತಂದದ್ದು. ನಲವತ್ತೆರಡು ವರ್ಷ, ಇವತ್ತಿನದರಿಂದ ನಾಳೆಯದು ಎಂದು ಒಂದು ದಿನವೂ ತಪ್ಪದೆ ಬೆಳೆದುಕೊಂಡು ಬಂದದ್ದು. ಈ ಕಥೆ ಹೇಳದೆ ಅತ್ತೆ ಯಾರಿಗೂ ಮಜ್ಜಿಗೆ ಕೊಟ್ಟವರಲ್ಲ.

ನಾನು ಶಿಕಾರಿಪುರದ ಕಾಲೇಜೊಂದರಲ್ಲಿ ಸೂಕ್ಷ್ಮಜೀವಶಾಸ್ತ್ರ ಕಲಿಸುತ್ತೇನೆ. ಆ ವಾರದ ಪಾಠ ರೋಗ ತರುವ ಜೀನ್‌ಗಳದ್ದು. ಇ. ಕೋಲಿ ಎಂಬ ಬ್ಯಾಕ್ಟೀರಿಯಾ ನಮ್ಮೆಲ್ಲರ ಕರುಳಿನಲ್ಲಿ ತಣ್ಣಗೆ ಬದುಕಿಕೊಂಡಿರುತ್ತದೆ. ಅದರದೇ ಕೆಲವು ತಳಿಗಳಲ್ಲಿ ಎರಡು ಮೂರು ಜೀನ್‌ಗಳು ಹೆಚ್ಚಿಗೆ ಇದ್ದರೆ ಸಾಕು, ವಿಷ ತಯಾರಿಸಿ ಮಕ್ಕಳ ಮೂತ್ರಪಿಂಡವನ್ನೇ ಕೆಡಿಸಬಲ್ಲವು. ಇಂಥ ಜೀನ್‌ಗಳು ತಾಯಿಯಿಂದ ಮರಿಗೆ ಮಾತ್ರವಲ್ಲ, ಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟುತ್ತವೆ ಎಂದು ನಾನು ಹೇಳಿದಾಗ, ಮುಂದಿನ ಬೆಂಚಿನ ರಮ್ಯ, ಹಾಗಿದ್ದರೆ ಪುಸ್ತಕದಲ್ಲಿ ಜೀನ್‌ಗೆ ವಂಶವಾಹಿ ಅಂತ ಯಾಕೆ ಬರೆದಿದ್ದಾರೆ ಮೇಡಂ, ನೆರೆಮನೆಯವಾಹಿ ಅನ್ನಬೇಕಿತ್ತು ಎಂದಳು. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ.

ಪ್ರಯೋಗಕ್ಕೆ ಒಳ್ಳೆಯ ಬ್ಯಾಕ್ಟೀರಿಯಾದ ಮಾದರಿ ಇರಲಿ ಎಂದು ಬುಧವಾರ ಅತ್ತೆಯ ಮೊಸರನ್ನು ಚೂರು ಒಯ್ದಿದ್ದೆ. ಗುರುವಾರ ಅದನ್ನು ಬೆಳೆಯಲಿಟ್ಟಿದ್ದ ಪ್ರಯೋಗಾಲಯದ ತಟ್ಟೆ ತೆರೆದು ನೋಡಿದರೆ, ಜೀರುಂಡೆಯ ಬೆನ್ನಿನ ಹಾಗೆ ಹಸಿರು ಹೊಳಪಿನ ಕಪ್ಪು ಚುಕ್ಕೆಗಳು ಎದ್ದಿದ್ದವು. ನೋಡಿದರೆ ಇ. ಕೋಲಿಯೇ. ಸಾಧುವೋ ದುಷ್ಟವೋ ಎಂಬುದು ಕಣ್ಣಿಗೆ ತಿಳಿಯುವ ವಿಷಯವಲ್ಲ, ಜೀನ್ ಹುಡುಕಿಯೇ ನೋಡಬೇಕು. ಆ ಸೌಲಭ್ಯ ನಮ್ಮಲ್ಲಿಲ್ಲ. ಶಿವಮೊಗ್ಗದ ಪ್ರಯೋಗಾಲಯವೊಂದರಲ್ಲಿರುವ ಗೆಳತಿ ಸ್ಪಂದನಳಿಗೆ ಫೋನ್ ಮಾಡಿದೆ. ಮಾದರಿಯನ್ನು ಭದ್ರವಾಗಿ ಮುಚ್ಚಿ ಸಂಜೆಯೇ ಕಳಿಸಿದೆ. ಶನಿವಾರ ಸಂಜೆಯೊಳಗೆ ಹೇಳುತ್ತೇನೆ ಎಂದಳು.

ಅತ್ತೆಗೆ ಏನೆಂದು ಹೇಳಲಿ? ನಿಮ್ಮ ತವರಿನ ಹೆಪ್ಪಿನಲ್ಲಿ ಕರುಳಿನ ಬ್ಯಾಕ್ಟೀರಿಯಾ ಇದೆ ಎಂದೇ? ಹೇಳದಿದ್ದರೆ, ನೂರೈವತ್ತು ಜನ, ಅವರಲ್ಲಿ ಎಷ್ಟೊಂದು ಮಕ್ಕಳು. ಗಂಡ ರೇಣುಕಾಪ್ರಸಾದ್‌ಗೆ ಹೇಳಿದರೆ ಅದು ಐದು ನಿಮಿಷದಲ್ಲಿ ಅತ್ತೆಯ ಕಿವಿಗೆ ಬೀಳುತ್ತದೆ.

ಅತ್ತೆ ಮಲಗಿದ ಮೇಲೆ ಎದ್ದೆ. ಆಗಷ್ಟೇ ಹೆಪ್ಪು ಹಾಕಿದ್ದ ಹಾಲನ್ನು ಒಲೆಗಿಟ್ಟು ಕುದಿಸಿದೆ. ಕುಡಿಕೆಯಲ್ಲಿ ಉಳಿದಿದ್ದ ಮೊಸರನ್ನೂ ಕುದಿಸಿ ಚೆಲ್ಲಿ, ಕುಡಿಕೆಗೆ ಕುದಿನೀರು ಹಾಕಿದೆ. ನಲವತ್ತೆರಡು ವರ್ಷದ ವಂಶ ಕಾಲು ಗಂಟೆಯಲ್ಲಿ ಮುಗಿಯಿತು. ತಟ್ಟೆಯನ್ನು ಸದ್ದಾಗದಂತೆ ಮುಚ್ಚಿ ಬಂದು ಮಲಗಿದೆ, ನಿದ್ದೆ ಮಾತ್ರ ಬರಲಿಲ್ಲ.

ಬೆಳಿಗ್ಗೆ ಐದಕ್ಕೆ ಲೋಟ ಹಿಡಿದು ಕಾಂಪೌಂಡ್ ಬಳಿ ನಿಂತೆ. ಪ್ಯಾಕೆಟ್ ಮೊಸರು ತಂದು ಹಾಕಿದರೆ ಅತ್ತೆಯ ನಾಲಿಗೆ ಕಂಡುಹಿಡಿದುಬಿಡುತ್ತದೆ. ಪಕ್ಕದ ಮನೆಯ ನಾಗವೇಣಿ ಅಕ್ಕ ಕೊಟ್ಟಿಗೆಯಿಂದ ಹಾಲು ಕರೆದುಕೊಂಡು ಬರುತ್ತಿದ್ದರು. ದೀಪ ಹಚ್ಚಿದ ಮೇಲೆ ಈ ಬೀದಿಯಲ್ಲಿ ಯಾರೂ ಹೆಪ್ಪು ಕೊಡುವುದಿಲ್ಲ, ಕೈಯಿಂದ ಕೈಗಂತೂ ಕೊಡುವುದೇ ಇಲ್ಲ. ನಾನು ಲೋಟವನ್ನು ಗೋಡೆಯ ಮೇಲಿಟ್ಟು, ಒಂದು ಚಮಚ ಹೆಪ್ಪು ಬೇಕಿತ್ತು ಎಂದೆ.

ಅವರು ಲೋಟ ನೋಡಿದರು, ನನ್ನ ಮುಖ ನೋಡಿದರು. "ಎಂತ ಮಾರಾಯ್ತಿ, ಮತ್ತೆ ಸತ್ತೋಯ್ತಾ ನಿಮ್ಮನೆ ಹೆಪ್ಪು?"

ನನ್ನ ಕಿವಿ ಆ 'ಮತ್ತೆ'ಗೆ ಸಿಕ್ಕಿಕೊಂಡಿತು.

"ಮತ್ತೆ ಅಂದ್ರೆ?"

ನಾಗವೇಣಿ ಅಕ್ಕ ನಾಲಿಗೆ ಕಚ್ಚಿಕೊಂಡರು. ನಾನು ಬಿಡಲಿಲ್ಲ. ಮೂರು ವರ್ಷದ ಹಿಂದೆ ನಾವೆಲ್ಲ ಹಕ್ಕಿ ನೋಡಲು ಗುಡವಿಗೆ ಹೋಗಿ, ಅಲ್ಲಿಂದ ಬಳ್ಳಿಗಾವಿಗೆ ಹೋಗಿ ನಾಲ್ಕು ದಿನ ಉಳಿದಿದ್ದೆವಲ್ಲ, ಆಗ ಹೆಪ್ಪು ಬೂಸ್ಟು ಹಿಡಿದಿತ್ತಂತೆ. ವಾಪಸ್ ಬಂದ ಮಾರನೆ ದಿನ ನಸುಕಿಗೇ ಅತ್ತೆ ಇದೇ ಗೋಡೆಯ ಮೇಲೆ, ನಾನಿಟ್ಟ ಜಾಗದಲ್ಲೇ, ಲೋಟ ಇಟ್ಟಿದ್ದರಂತೆ.

"ನಂಗೆ ಮೊದಲು ಹೆಪ್ಪು ಕೊಟ್ಟಿದ್ದೇ ಅವ್ರು ಕಣೆ, ನಾನು ಮದುವೆಯಾಗಿ ಬಂದ ವರ್ಷ. ಅವರದ್ದೇ ಅವರಿಗೆ ವಾಪಸ್ ಕೊಟ್ಟೆ, ಅದ್ರಲ್ಲೆಂತ ಇದೆ? ಅಷ್ಟಕ್ಕೇ ದೇವರ ಮೇಲೆ ಆಣೆ ಹಾಕಿಸ್ಕೊಂಡ್ರು. ನೀ ಬಾಯಿ ಬಿಟ್ಟಿ ಅಂದ್ರೆ ನನ್ನ ಕಥೆ ಮುಗೀತು."

ನಗು ಬಂತು. ಲೋಟ ಹಿಡಿದು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ನಗು ನಿಂತಿತು. ನಮ್ಮದನ್ನು ಕುದಿಸಿ ಕೊಂದು, ನಮ್ಮದನ್ನೇ ಗೋಡೆಯಾಚೆಯಿಂದ ತಂದಿದ್ದೆ. ಅದರಲ್ಲಿ ಇದ್ದದ್ದು ಇದರಲ್ಲೂ ಇದ್ದರೆ?

ಆದರೂ ಹಾಲು ಬೆಚ್ಚಗೆ ಮಾಡಿ ಆ ಹೆಪ್ಪನ್ನೇ ಹಾಕಿದೆ. ಬೇರೆ ದಾರಿ ಇರಲಿಲ್ಲ. ಆರು ಗಂಟೆಗೆ ಅತ್ತೆ ತಟ್ಟೆ ಸರಿಸಿ, ಈ ಚಳಿಗೆ ಇನ್ನೂ ಹೆಪ್ಪಾಗಿಲ್ಲ ನೋಡು ಮಂಗಳಾ ಎಂದರು. ನಾನು ಚಳಿಯನ್ನು ಅವರಿಗಿಂತ ಜೋರಾಗಿ ಬೈದೆ. ಮಧ್ಯಾಹ್ನದ ಹೊತ್ತಿಗೆ ಮೊಸರು ಗಟ್ಟಿಯಾಗಿ ಕೂತಿತ್ತು. ಅದನ್ನು ಯಾರ ತಟ್ಟೆಗೂ ಬೀಳಗೊಡದೆ, ನಾಳೆಯ ಮಜ್ಜಿಗೆಗೆ ಹೆಪ್ಪು ಬೇಕು ಎಂದು ಕುಡಿಕೆಯಲ್ಲಿ ಎತ್ತಿಟ್ಟೆ.

ಸಂಜೆ ಇಪ್ಪತ್ತು ಲೀಟರ್ ಹಾಲು ಕಾದು ಆರುತ್ತಿತ್ತು. ಅತ್ತೆ ಕುಡಿಕೆ ಹಿಡಿದು ಪಕ್ಕದಲ್ಲಿ ಕೂತಿದ್ದರು. ಆಗಾಗ ಕಿರುಬೆರಳು ಅದ್ದಿ ಬಿಸಿ ನೋಡುತ್ತಿದ್ದರು. ನಾನು ಫೋನ್ ಹಿಡಿದು ಹಿತ್ತಲಿಗೂ ಅಡುಗೆಮನೆಗೂ ತಿರುಗುತ್ತಿದ್ದೆ. ಜೀನ್ ಇದೆ ಎಂದರೆ ಈ ಕ್ಷಣದಲ್ಲೇ, ಬಂದ ನೆಂಟರ ಮುಂದೆಯೇ, ಅವರ ಕೈ ಹಿಡಿಯಬೇಕು. ಏಳೂಕಾಲಿಗೆ ಫೋನ್ ಬಂತು.

"ಮೂರೂ ಇಲ್ಲ ಕಣೇ," ಎಂದಳು ಸ್ಪಂದನ. "ವಿಷದ ಜೀನ್ ಎರಡೂ ಇಲ್ಲ, ಕರುಳಿಗೆ ಅಂಟ್ಕೊಳ್ಳೋದೂ ಇಲ್ಲ. ಬಹಳ ಸಾಧು ಪ್ರಾಣಿ. ಅಂದ ಹಾಗೆ, ಮಾದರಿ ತೆಗೆದಿದ್ದು ಯಾರು?"

"ನಾನೇ."

"ಕೈ ತೊಳೆದಿದ್ಯಾ?"

ಬುಧವಾರ ಬೆಳಿಗ್ಗೆ ಏಳೂವರೆಯ ಬಸ್ಸು ತಪ್ಪುತ್ತದೆಂದು ಓಡಾಡುತ್ತ ಚಮಚ ಸಿಗದೆ ಬೆರಳಿನಲ್ಲೇ ಮೊಸರು ತೆಗೆದದ್ದು ನೆನಪಾಯಿತು. ಬಸ್ಸು ತಪ್ಪುತ್ತಿತ್ತು ಕಣೇ ಎಂದೆ. ಆ ಕಡೆಯಿಂದ ಸ್ಪಂದನ ನಕ್ಕಳು, ಎಷ್ಟು ನಕ್ಕಳೆಂದರೆ ಅವಳ ಸಹೋದ್ಯೋಗಿ ಬಂದು ಏನಾಯಿತೆಂದು ಕೇಳುವುದು ಇಲ್ಲಿಗೇ ಕೇಳಿಸಿತು. ನಾಗವೇಣಿ ಅಕ್ಕನ ಹೆಪ್ಪನ್ನು ಯಾರೂ ಪರೀಕ್ಷಿಸಿರಲಿಲ್ಲ, ನಿಜ. ಆದರೆ ನಾನು ಹೆದರಿದ್ದ ಪ್ರಾಣಿ ಕುಡಿಕೆಯದಲ್ಲ, ನನ್ನ ಬೆರಳಿನದು. ಒಳಗೆ ಹೋಗಿ ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡೆ. ಅತ್ತೆಯ ಕೈಯನ್ನೂ ತೊಳೆಸಿದೆ. ಈಗ ಹಾಕಿ ಅತ್ತೆ ಎಂದಾಗ, ಇವಳಿಗೇನಾಯಿತು ಎಂಬಂತೆ ನೋಡಿ ಹಾಕಿದರು.

ಭಾನುವಾರ ಮನೆ ತುಂಬ ಜನ. ಬಚ್ಚಲ ಬಾಗಿಲಲ್ಲಿ ಸೋಪು ಹಿಡಿದು ನಿಂತ ನನಗೆ ಮಕ್ಕಳು ಸೋಪಿನತ್ತೆ ಎಂದು ಹೆಸರಿಟ್ಟರು. ಮಗುವಿಗೂ ಹೆಸರಿಟ್ಟದ್ದಾಯಿತು, ಹರ್ಷವರ್ಧನ. ಮಜ್ಜಿಗೆಯ ಕೊಳಗ ಎರಡು ಸಲ ಖಾಲಿಯಾಯಿತು. ಬಳ್ಳಿಗಾವಿಯಿಂದ ಬಂದಿದ್ದ ಅತ್ತೆಯ ಅಣ್ಣ ಗಂಗಾಧರಪ್ಪ ಮೂರನೇ ಲೋಟ ಇಳಿಸಿ, ಥೇಟ್ ನಮ್ಮವ್ವನ ಮಜ್ಜಿಗಿ ಎಂದು ಕಣ್ಣು ಒರೆಸಿಕೊಂಡರು. ಅತ್ತೆಯ ಮುಖ ಅರಳಿತು.

"ಅದೇ ಹೆಪ್ಪು ಅಣ್ಣಾ. ನಲವತ್ತೆರಡು ವರ್ಷ. ಒಂದು ದಿನ ತಪ್ಪಿದ್ದಿಲ್ಲ."

ಲೋಟ ಹಂಚುತ್ತಿದ್ದ ನಾಗವೇಣಿ ಅಕ್ಕ ಕೆಮ್ಮಿದರು. ಅತ್ತೆ ತಟ್ಟನೆ ಅವರನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. ಎರಡು ದಿನ ನನ್ನ ಹೊಟ್ಟೆಯೊಳಗಿದ್ದ ಅಳುಕೇ ಒಂದು ಗಳಿಗೆ ಅವರ ಕಣ್ಣಲ್ಲಿ ಕಂಡಿತು.

"ಹೌದು ಮಾವ," ಎಂದೆ, "ಒಂದು ದಿನವೂ ತಪ್ಪಿಲ್ಲ."

ಅತ್ತೆ ಸೆರಗು ಸರಿಮಾಡಿಕೊಂಡು ಇನ್ನೊಂದು ಲೋಟ ತುಂಬಿದರು. ಯಾಕೆ ಒಬ್ಬಳೇ ನಗುತ್ತಿದ್ದೀಯ ಎಂದು ರೇಣುಕಾಪ್ರಸಾದ್ ಕೇಳಿದರು. ಮಜ್ಜಿಗೆಗೆ ಮೆಣಸಿನಕಾಯಿ ಜಾಸ್ತಿಯಾಗಿದೆ, ಕಣ್ಣಲ್ಲಿ ನೀರು ಬಂತು ಎಂದೆ. ಅತ್ತೆಯ ಗುಟ್ಟನ್ನಾಗಲಿ ನನ್ನದನ್ನಾಗಲಿ ಯಾರಿಗೂ ಹೇಳುವುದಿಲ್ಲ, ಇವರಿಗೂ ಇಲ್ಲ ಎಂದು ಅಷ್ಟರಲ್ಲಿ ತೀರ್ಮಾನಿಸಿಯಾಗಿತ್ತು.